ಅರ್ಧ ಎಕರೆಯ ಊಟದ ಲೆಕ್ಕ

ಮಾನ್ಯ ಸಂಪಾದಕರೇ,

ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದ ಮೇಲೆ ತುಮಕೂರು, ರಾಮನಗರ, ಕೋಲಾರದ ಕಡೆ ಹತ್ತಿಪ್ಪತ್ತು ಗುಂಟೆ ಕೊಂಡು ಮನೆಯ ಊಟಕ್ಕೆ ಬೇಕಾದದ್ದನ್ನು ತಾವೇ ಬೆಳೆಯಲು ಹೊರಟವರು ಹೆಚ್ಚಾಗಿದ್ದಾರೆ. ಪಾಲಿಗೆ ಬಂದ ಅರ್ಧ ಎಕರೆಯನ್ನು ಮಾರದೆ ಉಳಿಸಿಕೊಂಡು ಊರಿಗೆ ಮರಳಿದವರೂ ಇದ್ದಾರೆ. ಇಂಥವರಿಗಾಗಿ ಕೃಷಿ ಪುಟಗಳಲ್ಲಿ ಬರುವ ಲೇಖನಗಳಲ್ಲಿ ಹುರುಪಿಗೆ ಬರವಿಲ್ಲ, ಲೆಕ್ಕಕ್ಕೆ ಇದೆ. ಉಪ್ಪೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅರ್ಧ ಎಕರೆಯಲ್ಲೇ ಆಗುತ್ತದೆ ಎಂದು ಓದಿ ಇಳಿದವರು ಎರಡನೇ ಬೇಸಿಗೆಗೆ ಕೈಚೆಲ್ಲಿ, ಮೂರನೇ ವರ್ಷ ಜಾಗವನ್ನು ನೀಲಗಿರಿಗೋ ಬೀಳಿಗೋ ಬಿಡುತ್ತಾರೆ. ಜಮೀನು ಇಷ್ಟಿದೆ, ಏನೇನು ಹಾಕಬಹುದು ಎಂದು ಶುರು ಮಾಡುವುದೇ ತಪ್ಪು. ಮನೆಗೆ ವರ್ಷಕ್ಕೆ ಎಷ್ಟು ಬೇಕು, ಯಾವ ತಿಂಗಳಲ್ಲಿ ಬೇಕು ಎಂದು ಅಡುಗೆಮನೆಯಿಂದ ಹೊರಟು ಹೊಲಕ್ಕೆ ಬರಬೇಕು. ಆ ಲೆಕ್ಕವನ್ನು ದಕ್ಷಿಣದ ಒಳನಾಡಿನ ಕೆಂಪು ಮಣ್ಣಿಗೆ, ವರ್ಷಕ್ಕೆ 600–700 ಮಿ.ಮೀ. ಮಳೆಗೆ, ನಾಲ್ಕು ಜನರ ಸಂಸಾರಕ್ಕೆ ಹೊಂದಿಸಿ ಇಲ್ಲಿ ಬರೆದಿದ್ದೇನೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಮಾರ್ಗಸೂಚಿ ಒಬ್ಬರಿಗೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ-ಸೊಪ್ಪು, 27 ಗ್ರಾಂ ಎಣ್ಣೆ ಎನ್ನುತ್ತದೆ. ನಾಲ್ವರಿಗೆ ವರ್ಷಕ್ಕೆ ಗುಣಿಸಿದರೆ ಧಾನ್ಯ 365 ಕೆ.ಜಿ., ಬೇಳೆಕಾಳು 124 ಕೆ.ಜಿ., ತರಕಾರಿ 584 ಕೆ.ಜಿ., ಎಣ್ಣೆ 39 ಕೆ.ಜಿ. ಈ ನಾಲ್ಕು ಅಂಕಿಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡು ಆಮೇಲೆ ಗುದ್ದಲಿ ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಮೊದಲು ಕೈಬಿಡಬೇಕಾದವನ್ನು ಹೇಳಿಬಿಡುತ್ತೇನೆ. ಅರ್ಧದಷ್ಟು ಧಾನ್ಯ ಅಕ್ಕಿಯಾಗಲಿ ಎಂದರೆ 182 ಕೆ.ಜಿ. ಅಕ್ಕಿಗೆ ಸುಮಾರು 275 ಕೆ.ಜಿ. ಭತ್ತ ಬೇಕು. ಐದು ಗುಂಟೆ ಗದ್ದೆಯಲ್ಲಿ ಅಷ್ಟು ಬರಬಹುದು. ಆದರೆ ಭತ್ತ ಕುಡಿಯುವ 1,200 ಮಿ.ಮೀ. ನೀರನ್ನು ಐದು ಗುಂಟೆಗೆ ಲೆಕ್ಕ ಹಾಕಿದರೆ ಆರು ಲಕ್ಷ ಲೀಟರ್ ದಾಟುತ್ತದೆ. ನಾಲೆಯಿಲ್ಲದ ಜಾಗದಲ್ಲಿ ಅದು ಬೋರ್‌ವೆಲ್‌ನ ಕತ್ತು ಹಿಸುಕುವ ಕೆಲಸ. ಎಣ್ಣೆಯದೂ ಅದೇ ಕಥೆ. ನೂರು ಕೆ.ಜಿ. ಕಡಲೆಕಾಯಿ ಸುಲಿದರೆ 70 ಕೆ.ಜಿ. ಬೀಜ, ಗಾಣಕ್ಕೆ ಹಾಕಿದರೆ 28–30 ಕೆ.ಜಿ. ಎಣ್ಣೆ. ವರ್ಷದ 39 ಕೆ.ಜಿ.ಗೆ ಮಳೆಯಾಶ್ರಯದಲ್ಲಿ 11ರಿಂದ 13 ಗುಂಟೆ ಬರೀ ಕಡಲೆಕಾಯಿಗೇ ಹೋಗುತ್ತದೆ. ಅಕ್ಕಿ, ಎಣ್ಣೆ, ಬೆಲ್ಲ, ಗೋಧಿ ಅಂಗಡಿಯಿಂದ ಬರಲಿ. ಇದರಲ್ಲಿ ಅವಮಾನವೇನಿಲ್ಲ. ನಮ್ಮ ಅಜ್ಜಂದಿರೂ ಸಂತೆಗೆ ಹೋಗುತ್ತಿದ್ದರು.

ಅರ್ಧ ಎಕರೆಯ ಇಪ್ಪತ್ತು ಗುಂಟೆಯನ್ನು ಹೀಗೆ ಹಂಚಬಹುದು. ಮನೆ, ಅಂಗಳ, ಕೋಳಿಗೂಡು, ನೀರಿನ ತೊಟ್ಟಿಗೆ 2 ಗುಂಟೆ. ರಾಗಿ ಮತ್ತು ಅಕ್ಕಡಿ (ರಾಗಿಯ ಸಾಲುಗಳ ನಡುವೆ ಹಾಕುವ ಮಿಶ್ರಬೆಳೆ) ಕಾಳಿಗೆ 12. ತರಕಾರಿಗೆ 3. ಮಿಕ್ಕ 3 ಗುಂಟೆ ತೆಂಗು, ಬಾಳೆ, ಗೆಡ್ಡೆ, ಗೊಬ್ಬರದ ಗುಂಡಿಗೆ.

ರಾಗಿಯ ವಿಷಯ ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ನೆಲದಲ್ಲಿ ನೀರು ಹಾಯಿಸದೆ ಹೊಟ್ಟೆ ತುಂಬಿಸುವ ಬೆಳೆ ಅದೊಂದೇ. ಮಳೆಯಾಶ್ರಯದಲ್ಲಿ ಎಕರೆಗೆ 8 ಕ್ವಿಂಟಲ್ ಎಂದು ಹಿಡಿದರೆ ಗುಂಟೆಗೆ 20 ಕೆ.ಜಿ. ಅಕ್ಕಡಿ ಸಾಲಿಗೆ ಜಾಗ ಬಿಟ್ಟರೂ 12 ಗುಂಟೆಯಲ್ಲಿ 180–200 ಕೆ.ಜಿ. ಸಿಗುತ್ತದೆ. ನಾಲ್ವರಿಗೆ ದಿನಕ್ಕೊಂದು ಹೊತ್ತಿನ ಮುದ್ದೆಗೆ ಅಷ್ಟು ಸಾಕು. ತಳಿ ಜಿಪಿಯು-28 ಆದರೆ ಬೆಂಕಿ ರೋಗದ ಕಾಟ ಕಡಿಮೆ, 110–115 ದಿನಕ್ಕೆ ಕೊಯ್ಲು. ಅದು ರೈತ ಸಂಪರ್ಕ ಕೇಂದ್ರದಲ್ಲಿ ಸಿಗದಿದ್ದರೆ ಪಕ್ಕದ ಹೊಲದಲ್ಲಿ ಚೆನ್ನಾಗಿ ಬಂದ ತಳಿಯ ಬೀಜ ಕೇಳಿ ತೆಗೆದುಕೊಳ್ಳಿ.

ಮಾಗಿ ಉಳುಮೆ ಆಗಿರಬೇಕು. ಭರಣಿ, ಕೃತ್ತಿಕೆ ಮಳೆಗೆ (ಏಪ್ರಿಲ್ ಕೊನೆಯಿಂದ ಮೇ) ಇನ್ನೊಮ್ಮೆ ಉತ್ತು, ಮೊದಲ ಕಳೆ ಮೊಳೆಯಲು ಬಿಟ್ಟು ಕುಂಟೆ ಹೊಡೆದರೆ ಮುಂದಿನ ಕಳೆ ಕೆಲಸ ಅರ್ಧ ಉಳಿಯುತ್ತದೆ. ಗೊಬ್ಬರ 12 ಗುಂಟೆಗೆ ಒಂದು ಟನ್‌ಗೆ ಸ್ವಲ್ಪ ಕಡಿಮೆ. ಬಿತ್ತನೆ ಆರಿದ್ರಾ ಮಳೆಯಲ್ಲಿ, ಎಂದರೆ ಜೂನ್ ಕೊನೆಯ ವಾರದಿಂದ ಜುಲೈ ಮೊದಲ ವಾರದೊಳಗೆ. ಒಂದು ಅಡಿ ಅಂತರದ ಸಾಲಿನಲ್ಲಿ 12 ಗುಂಟೆಗೆ ಒಂದೂಕಾಲರಿಂದ ಒಂದೂವರೆ ಕೆ.ಜಿ. ಬೀಜ. ಬೀಜ ಒಂದಂಗುಲಕ್ಕಿಂತ ಆಳಕ್ಕೆ ಹೋಯಿತೆಂದರೆ ಮೊಳಕೆ ಮೇಲೆ ಬರುವುದಿಲ್ಲ. ಮೊದಲ ಸಲ ಬಿತ್ತುವವರ ಹೊಲದಲ್ಲಿ ಅಲ್ಲಲ್ಲಿ ಬೋಳು ಕಾಣುವುದು ಬಹುತೇಕ ಇದರಿಂದಲೇ. ದೂರುವುದು ಮಾತ್ರ ಬೀಜವನ್ನು.

ಎಂಟು ಸಾಲು ರಾಗಿಗೆ ಎರಡು ಸಾಲು ಅಕ್ಕಡಿ. ತೊಗರಿ ಆದರೆ ಆರಿದ್ರಾ ದಾಟಿಸದಿದ್ದರೆ ಒಳ್ಳೆಯದು. ತಡವಾಗಿ ಬಿತ್ತಿದ ತೊಗರಿ ಎತ್ತರಕ್ಕೆ ಬೆಳೆಯುವ ಮೊದಲೇ ಹಗಲು ಚಿಕ್ಕದಾಗುವುದನ್ನು ಕಂಡು ಹೂ ಬಿಡುತ್ತದೆ, ಗಿಡ ಮೊಣಕಾಲುದ್ದ, ಕಾಯಿ ಬೆರಳೆಣಿಕೆಯಷ್ಟು. ಪುನರ್ವಸು (ಜುಲೈ ಮೂರನೇ ವಾರ) ಮುಗಿದರೂ ಮಳೆ ಬಾರದಿದ್ದರೆ ತೊಗರಿಯ ಆಸೆ ಬಿಟ್ಟು ಆ ಸಾಲಿಗೆ ಅವರೆ ಹಾಕಬೇಕು. ನಾಟಿ ಸೊಗಡು ಅವರೆ ಹೇಗೂ ಇಬ್ಬನಿ ಬೀಳುವ ಕಾಲಕ್ಕೇ ಹೂವಾಗುವುದು, ಅದಕ್ಕೆ ಅವಸರವಿಲ್ಲ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ತನ್ನದೇ ಎಂಬಂತೆ ಹಬ್ಬಿ ಡಿಸೆಂಬರ್, ಜನವರಿಯಲ್ಲಿ ಸೊನೆಗಾಯಿ ಕೊಡುತ್ತದೆ. ಆಗಸ್ಟ್ ಅರ್ಧ ಕಳೆದರೂ ನೆಲ ಖಾಲಿ ಇದ್ದರೆ ರಾಗಿಯನ್ನೂ ಮರೆತು ಹುರುಳಿ ಚೆಲ್ಲುವುದೇ ಜಾಣತನ. ಬದುವಿನ ಸುತ್ತ ಒಂದು ಸಾಲು ಹುಚ್ಚೆಳ್ಳು ಇದ್ದರೆ ಜೇನು ಬರುತ್ತದೆ, ಚಟ್ನಿಪುಡಿಗೂ ಆಯಿತು.

ಮೊಳೆತು ಮೂರು ವಾರಕ್ಕೆ ಹಲುಬೆ (ಹಲ್ಲಿರುವ ಕುಂಟೆ) ಹೊಡೆಯುವುದನ್ನು ಹೊಸಬರು ಹೆದರಿ ಬಿಟ್ಟುಬಿಡುತ್ತಾರೆ. ಪೈರು ಕಿತ್ತುಹೋಗುತ್ತದೆ ಎಂಬ ಭಯ. ಒತ್ತಾದದ್ದು ಕಿತ್ತುಹೋಗಬೇಕು, ಉಳಿದದ್ದು ಬಾಗಿ ಬುಡದಿಂದ ತೆಂಡೆ ಒಡೆಯಬೇಕು, ಅದಕ್ಕಾಗಿಯೇ ಆ ಕೆಲಸ. ಹಾವೇರಿ ಕಡೆಯ ಗುಳಿ ರಾಗಿಯಲ್ಲಿ ಕೊರಡು ಎಳೆಯುವುದೂ ಇದೇ ಕಾರಣಕ್ಕೆ. ಅಂದಹಾಗೆ, ಮನೆಮಂದಿಯೇ ಕೆಲಸಕ್ಕೆ ಇಳಿಯುವುದಾದರೆ ಗುಳಿ ಪದ್ಧತಿ ಸಣ್ಣ ಜಾಗಕ್ಕೆ ಹೇಳಿ ಮಾಡಿಸಿದ್ದು. ಒಂದೂವರೆ ಅಡಿಗೊಂದು ಗುಳಿ, ಬುಡಕ್ಕೆ ಒಂದು ಹಿಡಿ ಗೊಬ್ಬರ, 20–25 ದಿನದ ಎರಡೆರಡು ಪೈರು. 12 ಗುಂಟೆಗೆ ಸುಮಾರು 5,800 ಗುಳಿ ಆಗುತ್ತದೆ, ಸಸಿಮಡಿಗೆ ಒಟ್ಟು 150 ಗ್ರಾಂ ಬೀಜ ಸಾಕು. ಸಾಲಿನ ನಡುವೆ ಸೈಕಲ್ ಕುಂಟೆ ಸರಾಗವಾಗಿ ಓಡುತ್ತದೆ. ಬಿತ್ತಿದ ರಾಗಿಗಾದರೆ ಮೂರನೇ ವಾರ ಒಮ್ಮೆ, ಐದನೇ ವಾರ ಒಮ್ಮೆ ಕಳೆ ತೆಗೆಯಲೇಬೇಕು. ಮೊದಲನೆಯದನ್ನು ಹತ್ತು ದಿನ ಮುಂದಕ್ಕೆ ಹಾಕಿದರೆ ಇಳುವರಿಯಲ್ಲಿ ಮೂರನೇ ಒಂದು ಪಾಲನ್ನು ಕಳೆಗೇ ಕೊಟ್ಟ ಹಾಗೆ.

ಕೊಯ್ಲಿನ ಕಾಲಕ್ಕೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾದಿರುತ್ತದೆ. 2021ರ ನವೆಂಬರಿನಲ್ಲಿ ಹೊಲದಲ್ಲೇ ತೆನೆ ಮೊಳೆತದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಸಣ್ಣ ಹಿಡುವಳಿಯವರಿಗೆ ಇಲ್ಲೊಂದು ಅನುಕೂಲವಿದೆ. ಮೋಡ ಕಂಡೊಡನೆ ಪೈರನ್ನು ಬುಡಸಮೇತ ಕೊಯ್ಯುವ ಬದಲು ತೆನೆಯನ್ನಷ್ಟೇ ಚಿವುಟಿ ಮಂಕರಿಗೆ ತುಂಬಿ ಸೂರಿನಡಿ ಹರಡಿಬಿಡಬಹುದು. ಹತ್ತು ಎಕರೆಯವರಿಂದ ಆಗದ ಕೆಲಸ ಇದು, 12 ಗುಂಟೆಯಲ್ಲಿ ನಾಲ್ಕು ಕೈ ಸೇರಿದರೆ ಎರಡು ದಿನದ್ದು. ಹಸಿ ತೆನೆಯನ್ನು ಗುಡ್ಡೆ ಹಾಕಿದರೆ ಮಾತ್ರ ಒಳಗೆ ಕಾವು ಏರಿ ಕಾಳು ಕಪ್ಪಗಾಗುತ್ತದೆ. ಆ ಮುಗ್ಗಲು ವಾಸನೆ ಹಿಟ್ಟಿಗೂ ಬರುತ್ತದೆ, ಎಷ್ಟು ಒಣಗಿಸಿದರೂ ಹೋಗುವುದಿಲ್ಲ. ಇನ್ನು ರಸ್ತೆಯ ಮೇಲೆ ಹರಡಿ ವಾಹನದ ಚಕ್ರಕ್ಕೆ ಕೊಡುವ ಅಭ್ಯಾಸದ ಬಗ್ಗೆ ಏನು ಹೇಳುವುದು! ಬೈಕಿನವರು ಜಾರಿ ಬೀಳುತ್ತಾರೆ, ಮನೆಯವರು ವರ್ಷವಿಡೀ ಮುದ್ದೆಯಲ್ಲಿ ಮರಳು ಕಡಿಯುತ್ತಾರೆ. ಇನ್ನೂರು ಕೆ.ಜಿ. ರಾಗಿಯನ್ನು ಟಾರ್ಪಾಲಿನ ಮೇಲೆ ಕೋಲಿನಿಂದ ಬಡಿದೇ ಮುಗಿಸಬಹುದು.

ರಾಗಿ ಒಣಗಿದ್ದರೆ ವರ್ಷಗಟ್ಟಲೆ ಹುಳ ಬೀಳದೆ ಇರುತ್ತದೆ, ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದ ಕಾಲದಿಂದ ಎಲ್ಲರಿಗೂ ಗೊತ್ತಿರುವ ಮಾತು. ಕಾಳಿನ ಕಥೆ ಹಾಗಲ್ಲ. ಬೆಳೆದ ತೊಗರಿ, ಅವರೆ, ಅಲಸಂದೆಯಲ್ಲಿ ಅರ್ಧದಷ್ಟು, ಯುಗಾದಿಯ ಹೊತ್ತಿಗೆ ಕುಟ್ಟೆ ಹಿಡಿದು ಪುಡಿಯಾಗುತ್ತದೆ, ಆಗ ಡಬ್ಬಿಯನ್ನು ಬೈಯುತ್ತಾರೆ. ಕುಟ್ಟೆ ಹುಳ ಡಬ್ಬಿಯಲ್ಲಿ ಹುಟ್ಟುವುದಲ್ಲ. ಕಾಯಿ ಗಿಡದಲ್ಲೇ ಒಣಗುತ್ತಿರುವಾಗ ಬಂದು ಮೊಟ್ಟೆ ಇಡುತ್ತದೆ. ಕಾಳನ್ನು ಬೆಳಕಿಗೆ ಹಿಡಿದು ನೋಡಿದರೆ ಸಿಪ್ಪೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಚುಕ್ಕೆ ಅಂಟಿರುತ್ತದೆ, ಅದೇ ಮೊಟ್ಟೆ. ಮರಿ ಅಲ್ಲಿಂದ ನೇರ ಕಾಳಿನೊಳಗೆ ಕೊರೆದುಕೊಂಡು ಹೋಗಿ, ತಿಂಗಳ ಹೊತ್ತಿಗೆ ಗುಂಡಗೆ ತೂತು ಮಾಡಿ ರೆಕ್ಕೆಯ ಹುಳವಾಗಿ ಹೊರಬರುತ್ತದೆ. ಆಮೇಲೆ ಡಬ್ಬಿಯೊಳಗೆ ಸಂತಾನ. ಆದ್ದರಿಂದ ಮುಕ್ಕಾಲು ಪಾಲು ಕಾಯಿ ಒಣಗಿದೊಡನೆ ಕೊಯ್ದು ಬಡಿಯಬೇಕು, ಪೂರ್ತಿ ಒಣಗಲಿ ಎಂದು ಹದಿನೈದು ದಿನ ಗಿಡದಲ್ಲಿ ಬಿಡಬಾರದು. ಬಡಿದ ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯುವವರೆಗೆ ಬಿಸಿಲಿಗೆ ಹಾಕಬೇಕು. ಹಲ್ಲಿನ ಗುರುತು ಉಳಿಯಿತೆಂದರೆ ಇನ್ನೂ ತೇವ ಇದೆ. ಕೊನೆಯ ಎರಡು ದಿನ ನಡುಮಧ್ಯಾಹ್ನ ಮಾಳಿಗೆಯ ಮೇಲೆ ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಕಲ್ಲು ಹೇರಿ ಎರಡು-ಮೂರು ಗಂಟೆ ಬಿಟ್ಟರೆ ಒಳಗಿನ ಮೊಟ್ಟೆ, ಮರಿ ಆ ಕಾವಿಗೆ ಸಾಯುತ್ತವೆ. ಇದು ಅಡುಗೆಯ ಕಾಳಿಗೆ ಮಾತ್ರ, ಬಿತ್ತನೆ ಬೀಜಕ್ಕೆ ಬೇಡ.

ಪೂರ್ತಿ ಆರಿದ ಮೇಲೆ ಕೆ.ಜಿ.ಗೆ ಒಂದು ಟೀ ಚಮಚ ಹರಳೆಣ್ಣೆ ಸವರಿ, ಡ್ರಮ್ಮಿನ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಅರ್ಧ ಖಾಲಿ ಇರುವ ಡ್ರಮ್ಮಿನಲ್ಲಿ ಹುಳಕ್ಕೆ ಉಸಿರಾಡಲು ಗಾಳಿ ಉಳಿದಿರುತ್ತದೆ, ಅದಕ್ಕೇ ಒಂದು ದೊಡ್ಡದಕ್ಕಿಂತ ಐದು ಚಿಕ್ಕವು ಮೇಲು. ತೊಗರಿಯನ್ನು ಕೆಮ್ಮಣ್ಣಿನ ಕದಡಿನಲ್ಲಿ ಹೊರಳಿಸಿ ಒಣಗಿಸಿಡುವ ಹಳೆಯ ಕ್ರಮದಿಂದ ಎರಡು ಲಾಭ. ಹುಳ ಸುಲಭಕ್ಕೆ ಮೊಟ್ಟೆ ಇಡುವುದಿಲ್ಲ, ಬೀಸುವಾಗ ಸಿಪ್ಪೆ ಬೇಗ ಬಿಡುತ್ತದೆ. ಹತ್ತು ಕೆ.ಜಿ. ತೊಗರಿಗೆ ಆರೂವರೆಯಿಂದ ಏಳು ಕೆ.ಜಿ. ಬೇಳೆ. ಅಕ್ಕಡಿಯಲ್ಲಿ ತೊಗರಿ, ಅವರೆ, ಅಲಸಂದೆ ಎಲ್ಲ ಸೇರಿ ಒಳ್ಳೆಯ ವರ್ಷದಲ್ಲಿ 40–50 ಕೆ.ಜಿ. ಒಣಕಾಳು ಆಗುತ್ತದೆ. 124 ಕೆ.ಜಿ.ಯ ಲೆಕ್ಕಕ್ಕೆ ಅದು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ಸಂತೆಯಿಂದಲೇ ಬರಬೇಕು.

ತೊಗರಿಗೆ ಇನ್ನೊಂದು ಶತ್ರು ಕಾಯಿಕೊರಕ. ಇಷ್ಟು ಸಣ್ಣ ಜಾಗಕ್ಕೆ ವಿಷ ಹೊಡೆಯುವ ಅಗತ್ಯವಿಲ್ಲ. ಗಿಡದ ಬುಡಕ್ಕೆ ಹಳೆಯ ಸೀರೆ ಹಾಸಿ ಗಿಡ ಅಲ್ಲಾಡಿಸಿದರೆ ಹುಳ ಉದುರುತ್ತವೆ, ಕೋಳಿಗೆ ಹಬ್ಬ. ಹೂ ಬಿಡುವಾಗ ಅರ್ಧ ಕೆ.ಜಿ. ಬೇವಿನ ಬೀಜದ ಪುಡಿಯನ್ನು ಹತ್ತು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕರಗಿಸಿ ಸಂಜೆ ಸಿಂಪಡಿಸಬಹುದು. ಬಿಸಿಲಲ್ಲಿ ಹೊಡೆದರೆ ಅದರ ಸತ್ವ ಬೇಗ ಹಾಳಾಗುತ್ತದೆ.

ತರಕಾರಿಯಲ್ಲಿ ಸೋಲುವುದು ಬೆಳೆಯಲು ಬಾರದೆ ಅಲ್ಲ, ಎಲ್ಲವನ್ನೂ ಒಂದೇ ದಿನ ಬಿತ್ತಿ. ಆಗಸ್ಟಿನಲ್ಲಿ ಬೆಂಡೆಕಾಯಿ ಹಂಚಲು ಮನೆ ಹುಡುಕುವವರು ಅಕ್ಟೋಬರಿನಲ್ಲಿ ಸೊಪ್ಪಿಗೆ ಅಂಗಡಿಗೆ ಹೋಗುತ್ತಾರೆ. ಮೂರು ಗುಂಟೆಯಲ್ಲಿ ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ 24 ಮಡಿ ಹಿಡಿಸುತ್ತವೆ. ಎರಡೂ ಬದಿಯಿಂದ ಕೈ ಎಟುಕಬೇಕು, ಮಡಿಯೊಳಗೆ ಕಾಲಿಡಬಾರದು, ಆದ್ದರಿಂದ ನಾಲ್ಕಡಿಗಿಂತ ಅಗಲ ಬೇಡ. ಒಂದೊಂದು ಬೆಳೆಗೆ ಮಡಿಯೊಂದಕ್ಕೆ 15 ಕೆ.ಜಿ. ಕೊಳೆತ ಗೊಬ್ಬರ, ಎಂದರೆ ಒಂದು ದೊಡ್ಡ ಮಂಕರಿ.

ದಂಟು, ಹರಿವೆಗೆ ವಾರಕ್ಕೆ ಕಾಲು ಮಡಿ ಬಿತ್ತುತ್ತ ಹೋದರೆ ತಿಂಗಳ ಮೇಲೆ ವಾರಕ್ಕೆ ಎರಡು ಕೆ.ಜಿ. ಸೊಪ್ಪು ತಪ್ಪದೆ ಸಿಗುತ್ತದೆ. ಬೀಜ ಬಹಳ ಸಣ್ಣದು. ಒಂದು ಚಿಟಿಕೆಗೆ ಎರಡು ಹಿಡಿ ಒಣ ಮರಳು ಬೆರೆಸಿ ಎರಚಿ, ಮೇಲೆ ಮಣ್ಣು ಮುಚ್ಚದೆ ಕಸಬರಿಗೆಯಿಂದ ಮೆಲ್ಲಗೆ ಸವರಿದರೆ ಸಾಕು. ಬೀಜ ಮೊಳೆಯಲಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವೆ ಇರುತ್ತದೆ, ರಾತ್ರೋರಾತ್ರಿ ಹೊತ್ತುಕೊಂಡು ಹೋಗಿರುತ್ತದೆ. ಮಡಿಯ ಅಂಚಿಗೆ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲಿದರೆ ಇರುವೆಗಳು ಅದನ್ನು ಸಾಗಿಸುವುದರಲ್ಲೇ ಮೂರು ದಿನ ಕಳೆಯುತ್ತವೆ, ಅಷ್ಟರಲ್ಲಿ ಮೊಳಕೆ ಬಂದಿರುತ್ತದೆ.

ಹುರುಳಿಕಾಯಿ ಅರ್ಕ ಕೋಮಲ್‌ನಂಥ ಗಿಡಜಾತಿ 70–75 ದಿನಕ್ಕೆ ಮುಗಿದುಹೋಗುತ್ತದೆ, ಮೂರು ವಾರಕ್ಕೊಮ್ಮೆ ಅರ್ಧ ಮಡಿ ಸಾಕು. ಬೆಂಡೆ ಒಂದು ಮಡಿಗೆ 40 ಗಿಡ, ದಿನ ಬಿಟ್ಟು ದಿನ ಕೊಯ್ಯಲೇಬೇಕು. ನಾಲ್ಕು ಕಾಯಿ ಬಲಿಯಲು ಬಿಟ್ಟರೂ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಬದನೆ ಹತ್ತು ಗಿಡ ದಾಟಿದರೆ ಮನೆಯವರು ಮುನಿಸಿಕೊಳ್ಳುತ್ತಾರೆ. ಅದರಲ್ಲಿ ಜೋಲು ಬಿದ್ದ ಕುಡಿ ಕಂಡರೆ ಒಳಗೆ ಕಾಂಡಕೊರಕ ಇದೆ ಎಂದೇ ಅರ್ಥ, ಅಂಗುಲ ಕೆಳಗೆ ಚಿವುಟಿ ಸುಡಬೇಕು. ಗೊಬ್ಬರದ ಗುಂಡಿಗೆ ಎಸೆದರೆ ಹುಳ ಅಲ್ಲೇ ಬೆಳೆದು ತಿರುಗಿ ಬರುತ್ತದೆ. ಟೊಮೆಟೊ 12 ಗಿಡದಂತೆ ಜೂನ್, ಸೆಪ್ಟೆಂಬರ್, ಡಿಸೆಂಬರಿನಲ್ಲಿ ಮೂರು ಕಂತು. ಬೇಸಿಗೆಯಲ್ಲಿ ಬಿಳಿನೊಣ ತರುವ ಎಲೆಮುರುಟು ರೋಗಕ್ಕೆ ಮದ್ದಿಲ್ಲ, ಸಸಿಯನ್ನು ಬಿಳಿನೊಣ ನುಸುಳದಷ್ಟು ಸಣ್ಣ ಕಣ್ಣಿನ ಬಲೆಯಡಿ ಬೆಳೆಸಿ ನೆಡುವುದು ಒಳ್ಳೆಯದು. ಬದನೆ, ಟೊಮೆಟೊ, ಮೆಣಸಿನಕಾಯಿ ಮೂರೂ ಒಂದೇ ಕುಲದವು, ಒಂದರ ಸೊರಗು ರೋಗ ಇನ್ನೊಂದಕ್ಕೂ ಅಂಟುತ್ತದೆ. ಇವು ಬೆಳೆದ ಮಡಿಗೆ ಮತ್ತೆರಡು ವರ್ಷ ಇವನ್ನು ಹಾಕಬಾರದು.

ಹೀರೆ, ಹಾಗಲ, ಸೋರೆ, ಪಡವಲ ಒಂದೊಂದರಲ್ಲಿ ಎರಡು-ಮೂರು ಬಳ್ಳಿ ಸಾಕು. ಮೊದಲ ಹದಿನೈದು ದಿನ ಗಂಡು ಹೂವೇ ಬರುತ್ತದೆ, ಕಾಯಿ ಕಚ್ಚಲಿಲ್ಲ ಎಂದು ಬಳ್ಳಿ ಕೀಳಬೇಡಿ. ಹಾಗಲ, ಹೀರೆಯ ಹಣ್ಣುನೊಣಕ್ಕೆ ಕ್ಯೂಲೂರ್ ಮೋಹಕದ ಬಲೆ ಬೇಕು. ಎಷ್ಟೋ ಜನ ಮಾವಿನ ತೋಟಕ್ಕೆ ಕೊಡುವ ಮೀಥೈಲ್ ಯುಜಿನಾಲ್ ಬಲೆ ತಂದು ಕಟ್ಟಿ, ಪ್ರಯೋಜನವಿಲ್ಲ ಎನ್ನುತ್ತಾರೆ. ಅದಕ್ಕೆ ಬರುವ ನೊಣವೇ ಬೇರೆ. ಇನ್ನೊಂದು ಎಚ್ಚರಿಕೆ: ಸೋರೆಕಾಯಿಯ ಚೂರು ಬಾಯಿಗಿಟ್ಟಾಗ ಕಹಿ ಎನಿಸಿದರೆ ಇಡೀ ಕಾಯಿಯನ್ನು ಎಸೆಯಬೇಕು. ಬೇಯಿಸಿದರೂ ಆ ವಿಷ ಹೋಗುವುದಿಲ್ಲ, ರಸ ಕುಡಿದವರು ಪ್ರಾಣ ಕಳೆದುಕೊಂಡದ್ದಿದೆ.

ಬೀಜದ ವಿಷಯದಲ್ಲಿ ಒಂದು ಮಾತು. ಎಫ್-1 ಎಂದು ಬರೆದ ಪೊಟ್ಟಣದ ಗಿಡದಿಂದ ಬೀಜ ಇಟ್ಟರೆ ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ಥರ. ಅರ್ಕ ರಕ್ಷಕ್ ಟೊಮೆಟೊ ಕೂಡ ಹೈಬ್ರಿಡ್ಡೇ. ಬೀಜ ಉಳಿಸುವ ಮನಸ್ಸಿದ್ದರೆ ಅರ್ಕ ಮೇಘಾಲಿಯಂಥ ತಳಿ ಹಾಕಿ. ಟೊಮೆಟೊ, ಹುರುಳಿಕಾಯಿ, ಅವರೆ ತಮ್ಮಷ್ಟಕ್ಕೆ ಪರಾಗ ಕಟ್ಟುತ್ತವೆ, ಬೀಜ ಕೆಡುವುದು ಅಪರೂಪ. ಕುಂಬಳದ ಜಾತಿ ಹಾಗಲ್ಲ. ಸಂಜೆಯೇ ನಾಳೆ ಅರಳುವ ಒಂದು ಗಂಡು, ಒಂದು ಹೆಣ್ಣು ಮೊಗ್ಗನ್ನು ದಾರದಿಂದ ಕಟ್ಟಿಟ್ಟು, ಬೆಳಗ್ಗೆ ಬಿಚ್ಚಿ ಕೈಯಿಂದ ಪರಾಗ ತಾಗಿಸಿ ಮತ್ತೆ ಕಟ್ಟಬೇಕು. ಆ ಕಾಯಿಯ ಬೀಜ ಮಾತ್ರ ನಂಬಿಕೆಯದು.

ಕಷ್ಟದ ಕಾಲ ಮಾರ್ಚಿನಿಂದ ಮೇ. ಒಂದು ಗುಂಟೆ ತರಕಾರಿಗೆ ಬಿರುಬಿಸಿಲಿನಲ್ಲಿ ದಿನಕ್ಕೆ 500 ಲೀಟರ್ ನೀರು ಬೇಕು, ಮೂರು ಗುಂಟೆಗೆ 1,500. ಸಾವಿರ ಚದರಡಿ ಮಾಳಿಗೆಯಿಂದ ವರ್ಷಕ್ಕೆ 45 ಸಾವಿರ ಲೀಟರ್ ಮಳೆನೀರು ಹಿಡಿಯಬಹುದು ನಿಜ. ಆದರೆ ಬೇಸಿಗೆಗೆ ಉಳಿಯುವುದು ತೊಟ್ಟಿಯಲ್ಲಿ ಹಿಡಿಸಿದಷ್ಟೇ. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಆಳದ ತೊಟ್ಟಿಗೆ 22 ಸಾವಿರ ಲೀಟರ್. ಅದನ್ನು ಉತ್ತರೆ, ಹಸ್ತ ಮಳೆಯಲ್ಲಿ (ಸೆಪ್ಟೆಂಬರ್–ಅಕ್ಟೋಬರ್) ತುಂಬಿಸಿ ಫೆಬ್ರವರಿವರೆಗೆ ಮುಟ್ಟದೆ ಇಟ್ಟರೆ ಅರ್ಧ ಗುಂಟೆಯನ್ನು ಮೂರು ತಿಂಗಳು ಹಸಿರಾಗಿಡಬಹುದು, ಅಷ್ಟೇ. ಆದ್ದರಿಂದ ಬೇಸಿಗೆಯ ಪಲ್ಯವನ್ನು ಮಳೆಗಾಲದಲ್ಲೇ ಬೆಳೆದಿಟ್ಟುಕೊಳ್ಳಬೇಕು. ತೊಟ್ಟು ಸಮೇತ ಕೊಯ್ದ ಸಿಹಿಕುಂಬಳ ಮೂರು-ನಾಲ್ಕು ತಿಂಗಳು ಕೆಡುವುದಿಲ್ಲ, ಬೂದುಗುಂಬಳ ಇನ್ನೂ ಹೆಚ್ಚು. ಮೇ ತಿಂಗಳಲ್ಲಿ ಅರ್ಧ ಕೆ.ಜಿ. ತುಂಡು ನೆಟ್ಟ ಸುವರ್ಣಗಡ್ಡೆ ಜನವರಿಗೆ ಎರಡು-ಮೂರು ಕೆ.ಜಿ. ಆಗಿರುತ್ತದೆ, ಒಣ ಮರಳಿನಲ್ಲಿ ಬೇಸಿಗೆಯವರೆಗೂ ಇಡಬಹುದು. ನುಗ್ಗೆ ಎರಡು ಮರ ಇದ್ದರೆ ಕಾಯಿ ಬರುವುದೇ ಬೇಸಿಗೆಯಲ್ಲಿ. ಸ್ನಾನದ, ಪಾತ್ರೆ ತೊಳೆದ ನೀರು ನಾಲ್ವರಿಂದ ದಿನಕ್ಕೆ 200 ಲೀಟರ್‌ಗೆ ಕಡಿಮೆಯಿಲ್ಲ. ಅದು ಬಾಳೆ, ಪಪ್ಪಾಯಿ, ಕೆಸುವಿಗೆ ಹೋಗಲಿ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.

ಗೊಬ್ಬರ ರಾಗಿಗೂ ತರಕಾರಿಗೂ ಸೇರಿ ವರ್ಷಕ್ಕೆ ಒಂದೂಮುಕ್ಕಾಲು ಟನ್. ಅದಕ್ಕಾಗಿ ಹಸು ಕಟ್ಟುತ್ತೇನೆ ಎನ್ನುವವರು ಹಸುವಿನ ಹೊಟ್ಟೆಯ ಲೆಕ್ಕ ಮೊದಲು ಹಾಕಲಿ: ದಿನಕ್ಕೆ 15–20 ಕೆ.ಜಿ. ಹಸಿಮೇವು, ಐದಾರು ಕೆ.ಜಿ. ಒಣಮೇವು. ಇಪ್ಪತ್ತು ಗುಂಟೆ ಒಂದು ಹಸುವನ್ನೂ ನಾಲ್ಕು ಜನರನ್ನೂ ಒಟ್ಟಿಗೆ ಸಾಕಲಾರದು. ರಾಗಿ ಹುಲ್ಲನ್ನು ಹಸು ಇರುವ ಮನೆಗೆ ಕೊಟ್ಟು ಸಗಣಿ ಗೊಬ್ಬರ, ಹಾಲು ತರುವುದು ಲಾಭ. ಜಾಗ ಚೌಕವಾಗಿದ್ದರೆ ಇಪ್ಪತ್ತು ಗುಂಟೆಯ ಸುತ್ತಳತೆ ಸುಮಾರು 590 ಅಡಿ. ಎರಡಡಿಗೊಂದು ಗ್ಲಿರಿಸಿಡಿಯಾ ಕಡ್ಡಿಯನ್ನು ಮುಂಗಾರಿನಲ್ಲಿ ಊರಿದರೆ ಮೂರನೇ ವರ್ಷದಿಂದ ಬೇಲಿಯೂ ಆಯಿತು, ಸವರಿದಷ್ಟೂ ಹಸಿರು ಗೊಬ್ಬರವೂ ಆಯಿತು. ಸಗಣಿ, ಗಂಜಲದ ದ್ರವಗೊಬ್ಬರವಾದ ಜೀವಾಮೃತದ ಅಭಿಮಾನಿಗಳು ಕ್ಷಮಿಸಲಿ, ಸಾವಯವ ಅಂಶವೇ ಇಲ್ಲದ ಕೆಂಪು ಮಣ್ಣಿಗೆ ಮೊದಲ ಮೂರು ವರ್ಷ ಮಂಕರಿ ಲೆಕ್ಕದಲ್ಲಿ ಗೊಬ್ಬರ ಬೀಳಲೇಬೇಕು, ಲೀಟರ್ ಲೆಕ್ಕದ್ದು ಆಮೇಲೆ.

ಕೋಳಿ ಆರು ಸಾಕು. ಗೂಡಿನಲ್ಲೇ ಕಟ್ಟಿಹಾಕಿ ಸಾಕಿದರೆ ಒಂದಕ್ಕೆ ದಿನಕ್ಕೆ 120 ಗ್ರಾಂ ಕಾಳು, ಆರಕ್ಕೆ ವರ್ಷಕ್ಕೆ 260 ಕೆ.ಜಿ., ಎಂದರೆ ಮನೆಯವರು ತಿನ್ನುವ ರಾಗಿಗಿಂತ ಹೆಚ್ಚು. ಮೇಯಲು ಬಿಟ್ಟರೆ ಅರ್ಧ ಉಳಿಯುತ್ತದೆ, ತರಕಾರಿ ಮಡಿಗೆ ಮಾತ್ರ ಬಲೆ ಕಟ್ಟಬೇಕು. ನಾಟಿ ಕೋಳಿ ವರ್ಷಕ್ಕೆ 50–60 ಮೊಟ್ಟೆ ಇಟ್ಟು ತಾನೇ ಕಾವಿಗೆ ಕೂರುತ್ತದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ 130ಕ್ಕೂ ಮೇಲೆ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಎರಡನ್ನೂ ಸಾಕಿ ಗಿರಿರಾಜನ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗೆ ಇಟ್ಟರಾಯಿತು. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ಒಂದೇ ವಾರದಲ್ಲಿ ಗೂಡು ಖಾಲಿ. ಮರಿಗೆ ಮೊದಲ ವಾರ ಕಣ್ಣಿಗೆ ಲಸೋಟ ಲಸಿಕೆಯ ಹನಿ, ಎಂಟನೇ ವಾರ ಆರ್2ಬಿ ಚುಚ್ಚುಮದ್ದು ತಪ್ಪಿಸಬಾರದು. ತೊಡಕೇನೆಂದರೆ ಲಸಿಕೆಯ ಸೀಸೆ ನೂರಾರು ಕೋಳಿಗೆ ಆಗುವಂಥದ್ದು, ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. ಆರು ಕೋಳಿಗೆಂದು ಯಾರೂ ಅದನ್ನು ತೆರೆಯುವುದಿಲ್ಲ. ಕೇರಿಯವರೆಲ್ಲ ಸೇರಿ ಒಂದು ದಿನ ಗೊತ್ತು ಮಾಡಿ ಪಶುವೈದ್ಯರನ್ನು ಕರೆಸಬೇಕು.

ತೆಂಗು ನಾಲ್ಕೈದು ಮರ ಸಾಕು. ನೀರು, ಗೊಬ್ಬರ ಕಂಡ ಮರ ವರ್ಷಕ್ಕೆ 70–80 ಕಾಯಿ ಕೊಡುತ್ತದೆ, ಆದರೆ ಎತ್ತರದ ತಳಿಯಾದರೆ ಆರೇಳು ವರ್ಷ ಕಾಯಬೇಕು, ಆದ್ದರಿಂದ ಮೊದಲ ಮಳೆಗೇ ನೆಡುವ ಗಿಡ ಅದು. ಕರಿಬೇವು, ನಿಂಬೆ, ಪಪ್ಪಾಯಿ, ಬಾಳೆಯ ವಿಷಯ ಎಲ್ಲರಿಗೂ ಗೊತ್ತು. ಕೋತಿ ಕಾಟದ ಊರುಗಳಲ್ಲಿ ಅರಿಶಿನ, ಶುಂಠಿ, ಸುವರ್ಣಗಡ್ಡೆ, ಮೆಣಸಿನಕಾಯಿಯನ್ನು ಹೊರಗಿನ ಸಾಲಿಗೆ, ಟೊಮೆಟೊ, ಹೀರೆಯನ್ನು ಮನೆಯ ಬಾಗಿಲಿಗೆ ಹತ್ತಿರ ಇಡುವುದು ಒಳ್ಳೆಯದು. ಅದಕ್ಕಿಂತ ಹೆಚ್ಚಿನ ಉಪಾಯ ಸದ್ಯಕ್ಕೆ ಯಾರ ಹತ್ತಿರವೂ ಇದ್ದಂತಿಲ್ಲ.

ಕೃಷಿ ಇಲಾಖೆಗೆ ತಮ್ಮ ಮೂಲಕ ಒಂದು ಕೋರಿಕೆ: ಬಿತ್ತನೆ ಬೀಜವನ್ನು ಎಕರೆ ಲೆಕ್ಕದ ಚೀಲದ ಜೊತೆಗೆ 10 ಗುಂಟೆಯ ಪೊಟ್ಟಣದಲ್ಲೂ ಕೊಡಲಿ. ಒಂದು ಕೆ.ಜಿ. ರಾಗಿ, ಕಾಲು ಕೆ.ಜಿ. ತೊಗರಿ, ಕಾಲು ಕೆ.ಜಿ. ಅವರೆ ಒಟ್ಟಿಗೆ ಇದ್ದರೆ ಅಕ್ಕಡಿ ತಾನಾಗಿ ಉಳಿಯುತ್ತದೆ. ಪತ್ರಿಕೆಗೂ ಒಂದು ಕೋರಿಕೆ. ಕೃಷಿ ಪುಟದ ಬರಹಗಳಲ್ಲಿ ಅಳತೆ ಗುಂಟೆಯಲ್ಲಿರಲಿ, ನೀರು ಲೀಟರಿನಲ್ಲಿರಲಿ. ಮುಂಗಾರು ಬಿತ್ತನೆಯ ಲೇಖನ ಜೂನ್ ಕೊನೆಗೆ ಅಚ್ಚಾದರೆ ಓದಿದವರು ಬೀಜ ಹುಡುಕುವಷ್ಟರಲ್ಲಿ ತೊಗರಿಯ ಹದ ಮುಗಿದಿರುತ್ತದೆ. ದಯವಿಟ್ಟು ಅದನ್ನು ಮೇ ಮೊದಲ ವಾರದಲ್ಲೇ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ತುಮಕೂರು ಜಿಲ್ಲೆ